ಆಟದೊಳಗಿನ ಬಾಖ್, ನಮ್ಮ ಕಿವಿ

ಗೆಳೆಯರೆ, ಮೊದಲು ಒಂದು ತಪ್ಪೊಪ್ಪಿಗೆ. ನಾವು ಜಾತಿ ಪದ್ಧತಿಯನ್ನು ಜಾರಿಗೆ ತಂದೆವು. ನಾವೇ, ಕೇರಿಯಿಂದ ಬಂದ ನಾಲ್ವರು, ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಮುದ್ದೆ ಉಂಡು ಕೈ ತೊಳೆದ ಮೇಲೆ, ಒಂದು ಗುಂಡಿ ಒತ್ತಿ ತಂದೆವು. ಯಾರೂ ಬಲವಂತ ಮಾಡಿರಲಿಲ್ಲ. ತಂದರೆ ಲಾಭ ಅಂತ ಪರದೆಯ ಮೇಲೆ ಬರೆದಿತ್ತು, ತಂದೆವು. ಒತ್ತುವಾಗ ಹಿಂದೆ ಪಿಟೀಲುಗಳು ನುಡಿಯುತ್ತಿದ್ದವು. ಎಷ್ಟು ಚೆನ್ನಾಗಿ ನುಡಿಯುತ್ತಿದ್ದವು ಅಂದರೆ, ನಾವು ಒತ್ತಿದ್ದು ಏನನ್ನು ಅನ್ನೋದು ತಲೆಗೆ ಹತ್ತಲು ಹತ್ತು ನಿಮಿಷ ಹಿಡಿಯಿತು.

ಇದು ಕಂಪ್ಯೂಟರ್ ಆಟದ ವಿಚಾರ. ಭೂಮಿ, ಕೂಲಿ, ಹಸಿವು ಬಿಟ್ಟು ಇವರಿಗೆ ಆಟದ ಚಿಂತೆ ಯಾಕೆ ಬಂತಪ್ಪ ಎಂದು ಪುಟ ತಿರುಗಿಸಬೇಡಿ. ಹಳ್ಳಿ ಶಾಲೆಯ ಮೇಷ್ಟ್ರಿಗೆ ಗೊತ್ತು, ಇವತ್ತು ಮಕ್ಕಳು ಚರಿತ್ರೆಯನ್ನು ಪುಸ್ತಕದಲ್ಲಿ ಮಾತ್ರ ಓದುತ್ತಿಲ್ಲ, ಅಂಗೈಯ ಪರದೆಯಲ್ಲಿ ಆಡಿಯೂ ಕಲಿಯುತ್ತಿದ್ದಾರೆ. ಆಡುವಾಗ ಕಣ್ಣು ಎಚ್ಚರವಾಗಿರುತ್ತದೆ. ಕಿವಿ ಮಾತ್ರ ಬಾಗಿಲು ತೆಗೆದಿಟ್ಟ ಮನೆ. ಅಲ್ಲಿ ಯಾರು ಬಂದು ಕೂತರು ಅಂತ ನೋಡುವವರಿಲ್ಲ.

ಆಟದ ಹೆಸರೇ ‘ಸಿವಿಲೈಸೇಶನ್’, ಅಂದರೆ ನಾಗರಿಕತೆ. ನಾವು ಆಡಿದ್ದು ಅದರ ನಾಲ್ಕನೆಯದು, 2005ರಲ್ಲಿ ಅಮೆರಿಕದಲ್ಲಿ ಬಂದದ್ದು. ಗೆಳೆಯನ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅದಕ್ಕಿಂತ ಹೊಸದನ್ನು ಎಳೆಯುತ್ತಿರಲಿಲ್ಲ. ಒಂದು ಜನಾಂಗವನ್ನು ಆರಿಸಿಕೊಂಡು ಕ್ರಿಸ್ತಪೂರ್ವ 4000ದಿಂದ ಕ್ರಿಸ್ತಶಕ 2050ರವರೆಗೆ ನಡೆಸಿಕೊಂಡು ಹೋಗಬೇಕು. ಊರು ಕಟ್ಟಬೇಕು, ಹೊಲ ಮಾಡಬೇಕು, ವಿದ್ಯೆ ಕಲಿಯಬೇಕು, ಪಕ್ಕದವನ ಮೇಲೆ ದಂಡೆತ್ತಿ ಹೋಗಬೇಕು. ಭಾರತವನ್ನು ಆರಿಸಿದರೆ ನೀವು ಗಾಂಧಿ ಆಗಬಹುದು, ಇಲ್ಲವೇ ಅಶೋಕ ಆಗಬಹುದು. ನಾವು ಅಶೋಕನನ್ನು ಹಿಡಿದೆವು. ಯಾಕೆ ಅನ್ನೋದನ್ನ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಆಟದಲ್ಲಿ ದುಡಿಮೆಯನ್ನು ನಡೆಸಲು ಐದು ದಾರಿಗಳಿವೆ. ಬುಡಕಟ್ಟಿನ ರೀತಿ, ಗುಲಾಮಗಿರಿ, ಜೀತ, ಜಾತಿ ಪದ್ಧತಿ, ಕಡೆಗೆ ವಿಮೋಚನೆ. ‘ಕಾನೂನು ಸಂಹಿತೆ’ ಎಂಬ ವಿದ್ಯೆ ಕಲಿತ ಕೂಡಲೇ ಜಾತಿ ಪದ್ಧತಿಯ ಗುಂಡಿ ತೆರೆದುಕೊಳ್ಳುತ್ತದೆ. ಆಟ ಮಾಡಿದವರಿಗೆ ಮನುವಿನ ನೆನಪು ಇತ್ತೋ ಇಲ್ಲವೋ, ನಮಗಂತೂ ಮಹಾಡ ನೆನಪಾಯಿತು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಅಂಥದೊಂದು ಸಂಹಿತೆಯನ್ನೇ ಅಲ್ಲಿ ಬೆಂಕಿಗೆ ಹಾಕಿದ್ದು. ಸರಿ, ಗುಂಡಿ ಒತ್ತಿದರೆ ಸಿಗುವುದೇನು? ನಿಮ್ಮ ಊರುಗಳಲ್ಲಿ ಎಷ್ಟು ಜನರನ್ನು ಬೇಕಾದರೂ ಕಲಾವಿದರು, ವಿಜ್ಞಾನಿಗಳು, ವ್ಯಾಪಾರಿಗಳನ್ನಾಗಿ ಮಾಡಬಹುದು. ಕೇಳಿದಿರಾ? ಜಾತಿ ಬಂದರೆ ವಿಜ್ಞಾನಿಗಳಿಗೆ ಮಿತಿಯೇ ಇಲ್ಲ! ಗುಲಾಮಗಿರಿಯಲ್ಲಿ ಜನರನ್ನು ಬಲಿಕೊಟ್ಟು ಕಟ್ಟಡ ಮುಗಿಸಿದರೆ ಆ ಊರು ಕೆಲಕಾಲವಾದರೂ ಮುನಿಸಿಕೊಳ್ಳುತ್ತದೆ, ಆ ಕ್ರೌರ್ಯವನ್ನು ಮರೆಯಲ್ಲ ಅನ್ನುತ್ತದೆ. ಜಾತಿಗೆ ತನ್ನದೇ ಆದ ಸಿಟ್ಟು ಅಂತ ಒಂದಿಲ್ಲ. ಬೇರೆ ದೇಶಗಳು ವಿಮೋಚನೆಯ ಗುಂಡಿ ಒತ್ತಿದ ಮೇಲೆ ಅದನ್ನು ಕಂಡು ನಿಮ್ಮ ಜನ ಗೊಣಗಲು ಶುರುಮಾಡುತ್ತಾರೆ, ಅಷ್ಟೆ. ಬಾವಿ ಇಲ್ಲ, ಲೋಟ ಇಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಬೀದಿ ಇಲ್ಲ. ಕೆಲಸ ಹಂಚಿಕೊಳ್ಳೋದು ಬೇರೆ, ಕೆಲಸ ಮಾಡುವ ಮನುಷ್ಯರನ್ನೇ ಒಬ್ಬರ ತಲೆಯ ಮೇಲೊಬ್ಬರಂತೆ ಪೇರಿಸೋದು ಬೇರೆ ಎಂದು ಬಾಬಾಸಾಹೇಬರು 1936ರಲ್ಲೇ ವಾದಿಸಿ ಇಟ್ಟಿದ್ದರು. ಆಟಕ್ಕೆ ಕಂಡದ್ದು ಮೊದಲನೆಯದು ಮಾತ್ರ.

ಈಗ ಕಿವಿಯ ಕಡೆ ಬರೋಣ. ಆಟದ ಬಾಗಿಲಲ್ಲಿ ನಿಮ್ಮನ್ನು ಎದುರುಗೊಳ್ಳುವುದು ‘ಬಾಬಾ ಯೇತು’ ಎಂಬ ಹಾಡು. ಕ್ರೈಸ್ತರ ‘ನಮ್ಮ ತಂದೆಯೇ’ ಪ್ರಾರ್ಥನೆ, ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ. ರಾಗ ಕಟ್ಟಿದವರು ಕ್ರಿಸ್ಟಫರ್ ಟಿನ್ ಎಂಬ ಅಮೆರಿಕದ ಸಂಗೀತಗಾರ. 2011ರಲ್ಲಿ ಇದಕ್ಕೆ ಗ್ರ್ಯಾಮಿ ಬಂತು. ವಿಡಿಯೊ ಆಟಕ್ಕಾಗಿ ಹುಟ್ಟಿದ ಸಂಗೀತಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೈ ಜುಮ್ಮೆನ್ನಿಸುವ ಹಾಡು, ಸುಳ್ಳು ಹೇಳಲ್ಲ. ಆದರೆ ಬಾಗಿಲಲ್ಲಿ ಆಫ್ರಿಕವನ್ನು ನಿಲ್ಲಿಸಿ, ಒಳಗೆ ಹೋದರೆ ಬೇರೆ ಮನೆ. ಮಧ್ಯಯುಗ ಬಂತೋ, ಯುರೋಪಿನ ಇಗರ್ಜಿಗಳ ಹಾಡು. ಪುನರುಜ್ಜೀವನ ಬಂತೋ, ಬಾಖ್, ಮೊಜಾರ್ಟ್, ಬೀಥೋವನ್. ಕಾರ್ಖಾನೆಗಳ ಕಾಲ ಬಂತೋ, ಬ್ರಾಮ್ಸ್, ದ್ವೊರ್ಝಾಕ್. ಆಧುನಿಕ ಕಾಲಕ್ಕೆ ಅಮೆರಿಕದ ಜಾನ್ ಆಡಮ್ಸ್. ನೀವು ಮಾಲಿ ದೇಶದ ಮಾನ್ಸಾ ಮೂಸಾ ಆಗಿರಿ, ಇಂಕಾಗಳ ದೊರೆ ಆಗಿರಿ, ನಮ್ಮ ಹಾಗೆ ಅಶೋಕ ಆಗಿರಿ, ನಿಮ್ಮ ನೆಲದ ಮೇಲೆ ನುಡಿಯುವುದು ಇದೇ. ಬೇರೆ ದೊರೆಗಳ ಜೊತೆ ಮಾತಿಗೆ ಕೂತಾಗ ಮಾತ್ರ ಅವರವರ ನಾಡಿನ ಧಾಟಿ ಒಂದು ಗಳಿಗೆ ಬಂದು ಹೋಗುತ್ತದೆ, ಮದುವೆ ಮನೆಗೆ ಬಂದ ಬೀಗರ ಹಾಗೆ.

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಜಗಳ ಆಡಬಹುದಿತ್ತು. ಕಾಲ ಅಂದರೇನೇ ಯುರೋಪಿನ ಕಾಲ, ಮನುಷ್ಯ ಮುಂದೆ ಹೋದಂತೆಲ್ಲ ಅವನ ನೆಲದಿಂದ ಮೊಜಾರ್ಟ್ ತಾನಾಗಿ ಚಿಗುರುತ್ತಾನೆ ಎಂಬ ಮಾತನ್ನು ಆಟ ಕಿವಿಯ ದಾರಿಯಲ್ಲಿ ಒಳಗೆ ಇಳಿಸಿಬಿಡುತ್ತದೆ. ಅಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟಿದ್ದು: ನಾದಕ್ಕೆ ತಪ್ಪು ಅಂಟುತ್ತದೆಯೆ? ಚೆಲುವಾದದ್ದು ಒಂದು ಸುಳ್ಳಿಗೆ ಒತ್ತಾಸೆಯಾಗಿ ನಿಂತರೆ ಆ ಚೆಲುವನ್ನೇ ಆಚೆಗೆ ಹಾಕಬೇಕೆ?

ಹಾಕೋದು ನಮಗೆ ಸುಲಭ. ನಮ್ಮದಲ್ಲವಲ್ಲ. ಆದರೆ ‘ನಮ್ಮದಲ್ಲ’ ಅನ್ನುವ ಮಾತನ್ನು ನಾವು ಬಹಳ ಕೇಳಿದ್ದೇವೆ, ಅದನ್ನೇ ಇನ್ನೊಬ್ಬರ ಮೇಲೆ ಎಸೆಯುವ ಮುಂಚೆ ಸ್ವಲ್ಪ ನಿಲ್ಲಬೇಕು. ಪದಗಳನ್ನೇ ನೋಡಿ. ನಮ್ಮಲ್ಲಿ ‘ಶಾಸ್ತ್ರೀಯ’ ಅನ್ನುತ್ತಾರೆ. ಶಾಸ್ತ್ರ ಯಾರ ಕೈಯಲ್ಲಿತ್ತು, ಯಾರ ಕಿವಿಗೆ ಬೀಳಬಾರದಿತ್ತು ಅನ್ನೋದು ಗೊತ್ತಿರುವ ಸಂಗತಿ. ಅವರ ‘ಕ್ಲಾಸಿಕಲ್’ ಹುಟ್ಟಿದ್ದು ಲ್ಯಾಟಿನ್ನಿನ ‘ಕ್ಲಾಸಿಕಸ್’ನಿಂದ. ಹಳೆಯ ರೋಮಿನಲ್ಲಿ ಆಸ್ತಿಯ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿನ ವರ್ಗಕ್ಕೆ ಸೇರಿದವನು ಅಂತ ಅದರ ಅರ್ಥ. ಹೆಸರಿನಲ್ಲೇ ವರ್ಗ ಇದೆ! ‘ಬರೋಕ್’ನ ಕತೆ ಬೇರೆ. ಸೊಟ್ಟ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಮಾತು ಅದು. ಹದಿನೆಂಟನೇ ಶತಮಾನದಲ್ಲಿ ಒರಟು, ವಿಕಾರ ಅಂತ ಹೀಯಾಳಿಸುವುದಕ್ಕೆ ಬಳಸಿದರು. ಬೈಗುಳ ಆಮೇಲೆ ಹೆಸರಾಯಿತು, ಹೆಸರು ಗೌರವವಾಯಿತು. ಬೈಗುಳದ ಹೆಸರು ಹೊತ್ತು ಬಂದ ನಮಗೆ ಈ ಸೊಟ್ಟ ಮುತ್ತಿನ ಮೇಲೆ ಸ್ವಲ್ಪ ಮಮಕಾರ ಬಂದರೆ ತಪ್ಪೇನಲ್ಲ.

ಆಟಗಳು ಈ ಹಳೆಯ ನಾದವನ್ನು ಯಾಕೆ ಹುಡುಕಿಕೊಂಡು ಹೋದವು? ದೊಡ್ಡ ತತ್ವವೇನೂ ಇಲ್ಲ. ಬಾಖ್ ಸತ್ತಿದ್ದು 1750ರಲ್ಲಿ. ಅವನ ರಾಗಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. 1983ರಲ್ಲಿ ಜಪಾನಿನ ಕೊನಾಮಿ ಕಂಪನಿ ‘ಗೈರಸ್’ ಅಂತ ಗಗನನೌಕೆಯ ಆಟ ಮಾಡಿತು. ಗುಂಡು ಹಾರಿಸುತ್ತಾ ಹೋಗುವವನ ಹಿಂದೆ ಬಾಖ್‌ನ ಹೆಸರಿನಲ್ಲಿರುವ ಡಿ ಮೈನರ್ ‘ಟೊಕಾಟಾ ಮತ್ತು ಫ್ಯೂಗ್’ ಡ್ರಮ್ಮಿನ ಪೆಟ್ಟಿನ ಜೊತೆ ಓಡುತ್ತದೆ. ಇಗರ್ಜಿಯ ಆರ್ಗನ್ನಿಗೆ ಬರೆದದ್ದು ನಾಣ್ಯ ಹಾಕಿ ಆಡುವ ಪೆಟ್ಟಿಗೆಯಲ್ಲಿ! ಪುಕ್ಕಟೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಅಭ್ಯಾಸ. ಸಿನಿಮಾದಿಂದ ಕಲಿತದ್ದು. ಹಳೆಯ ಕೋಟೆ, ಶ್ರೀಮಂತ ದುಷ್ಟ, ರಕ್ತ ಹೀರುವ ಧಣಿ ಬಂದರೆ ಆರ್ಗನ್ ನುಡಿಸು, ಹಾರ್ಪ್ಸಿಕಾರ್ಡ್ ನುಡಿಸು. 1986ರಿಂದ ಬಂದ ‘ಕ್ಯಾಸಲ್ವೇನಿಯಾ’ ಸರಣಿಯಲ್ಲಿ ಡ್ರಾಕುಲಾನ ಕೋಟೆಗೆ ಇದೇ ಬಣ್ಣ. 2007ರ ‘ಬಯೋಶಾಕ್’ನಲ್ಲಿ ಹುಚ್ಚು ಕಲಾವಿದನೊಬ್ಬ ಚೈಕೋವ್‌ಸ್ಕಿಯ ಹೂಗಳ ನೃತ್ಯದ ಸಂಗೀತ ಹಾಕಿ ನಿಮ್ಮ ಮೇಲೆ ಕೊಲೆಗಾರರನ್ನು ಬಿಡುತ್ತಾನೆ. ನಾವು ಇದನ್ನು ನೋಡಿ ನಕ್ಕೆವು. ಧಣಿ ಸಂಗೀತಪ್ರಿಯ ಅನ್ನೋದು ನಮಗೇನು ಹೊಸ ಸುದ್ದಿಯೆ?

ಆದರೆ ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಒಂದು ಚಿಕ್ಕ ಆಟ. ಟೆಟ್ರಿಸ್. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದ ಹಾಗೆ ಜೋಡಿಸುವ ಆಟ. 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಲೆಕ್ಸಿ ಪಾಜಿಟ್ನೊವ್ ಅದನ್ನು ಮಾಡಿದ. ಜಗತ್ತೆಲ್ಲ ಆಡಿತು, ಯಾರ್ಯಾರೋ ದುಡ್ಡು ಮಾಡಿದರು, ಅವನಿಗೆ ಅದರ ಪಾಲು ಬರತೊಡಗಿದ್ದು 1996ರಲ್ಲಿ. 1989ರಲ್ಲಿ ನಿಂಟೆಂಡೊ ಕಂಪನಿ ಅದನ್ನು ‘ಗೇಮ್ ಬಾಯ್’ ಎಂಬ ಅಂಗೈಯಗಲದ ಯಂತ್ರಕ್ಕೆ ತಂದಾಗ ಹಿರೊಕಾಜು ತನಾಕಾ ಸಂಗೀತ ಜೋಡಿಸಿದರು. ಆಡುವವನು ಆರಿಸಿಕೊಳ್ಳಲು ಮೂರು ರಾಗ. ‘ಎ’ ಅನ್ನುವುದು ‘ಕೊರೊಬೆಯ್ನಿಕಿ’, ಅಂದರೆ ಊರೂರು ತಿರುಗಿ ಸರಕು ಮಾರುವ ಹೊರೆ ವ್ಯಾಪಾರಿಗಳ ಹಾಡು. ರೈತರ ಕವಿ ಅನ್ನಿಸಿಕೊಂಡ ನೆಕ್ರಾಸೊವ್ 1861ರಲ್ಲಿ ಬರೆದ ಕವಿತೆಯಿಂದ ಜನರ ಬಾಯಿಗೆ ಬಿದ್ದದ್ದು. ರಷ್ಯದಲ್ಲಿ ರೈತರ ಜೀತ ರದ್ದಾದ ವರ್ಷವೂ ಅದೇ 1861. ‘ಸಿ’ ಅನ್ನುವುದು ಬಾಖ್. ಅವನ ಮೂರನೆಯ ಫ್ರೆಂಚ್ ಸ್ವೀಟಿನ ಮಿನುಯೆಟ್, ಅರಮನೆಗಳಲ್ಲಿ ಕುಣಿಯುತ್ತಿದ್ದ ಮೂರು ಪೆಟ್ಟಿನ ಕುಣಿತ.

ಆ ಯಂತ್ರಕ್ಕೆ ಇದ್ದದ್ದು ನಾಲ್ಕೇ ದನಿ. ಎರಡು ಕೀರಲು ದನಿ, ಒಂದು ತುಂಬು ದನಿ, ಇನ್ನೊಂದು ಬರೀ ಗೊರಗೊರ ಸದ್ದು, ತಾಳಕ್ಕೆ. ಅಷ್ಟರೊಳಗೆ ಬಾಖ್‌ನೂ ಹಿಡಿಸಬೇಕು, ಹೊರೆ ಹೊತ್ತವನೂ ಹಿಡಿಸಬೇಕು. ಬಾಖ್ ಚೆನ್ನಾಗೇ ಹಿಡಿಸಿದ. ಎರಡು ಮೂರು ದನಿಗಳನ್ನು ಒಂದರ ಹಿಂದೊಂದು ನಡೆಸಿ, ಒಂದು ನಿಂತಾಗ ಇನ್ನೊಂದು ಮಾತಾಡುವಂತೆ ಹೆಣೆಯುವುದೇ ಅವನ ಕಸುಬು. ನೂರು ಜನರ ಆರ್ಕೆಸ್ಟ್ರಾ ಬೇಡ, ಜರತಾರಿ ಪರದೆ ಬೇಡ. ಕೀರಲು ದನಿಯಲ್ಲೂ ಹೆಣಿಗೆ ಉಳಿಯಿತು. ಅದೇ ಪೆಟ್ಟಿಗೆಯಲ್ಲಿ, ಅದೇ ನಾಲ್ಕು ದನಿಯಲ್ಲಿ, ಹೊರೆ ಮಾರುವವನ ಹಾಡೂ ಉಳಿಯಿತು. ಇವತ್ತು ಟೆಟ್ರಿಸ್ ಅಂದರೆ ಜನಕ್ಕೆ ನೆನಪಾಗುವುದು ಆ ಹೊರೆಯವನ ಹಾಡೇ, ಅರಮನೆಯ ಕುಣಿತ ಅಲ್ಲ. ಒಂದೇ ಪಂಕ್ತಿಯಲ್ಲಿ ಇಬ್ಬರನ್ನೂ ಕೂರಿಸಿ ಒಂದೇ ಎಲೆ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತನಾಕಾ ಅವರು ಇದನ್ನೆಲ್ಲ ಯೋಚಿಸಿ ಮಾಡಿದರು ಅಂತ ನಾವು ವಾದಿಸುತ್ತಿಲ್ಲ. ಯಂತ್ರದ ಬಡತನ ಮಾಡಿಸಿತು.

ಪಂಕ್ತಿ ಅಂದಾಗ ಮೊಜಾರ್ಟ್ ನೆನಪಾಗುತ್ತಾನೆ. 1781ರಲ್ಲಿ ಅವನು ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನ ಊಳಿಗದಲ್ಲಿ ವಿಯೆನ್ನಾದಲ್ಲಿದ್ದ. ಊಟಕ್ಕೆ ಅವನನ್ನು ಕೂರಿಸಿದ್ದು ಆಳುಗಳ ಪಂಕ್ತಿಯಲ್ಲಿ, ಧಣಿಯ ಖಾಸಾ ಸೇವಕರಿಗಿಂತ ಕೆಳಗೆ, ಅಡುಗೆಯವರಿಗಿಂತ ಮೇಲೆ. ಅದನ್ನು ಅವನೇ ಅಪ್ಪನಿಗೆ ಕಾಗದ ಬರೆದು ಹೇಳಿಕೊಂಡ. ಕೊನೆಗೆ ಬಿಷಪ್ಪನ ಅಧಿಕಾರಿಯಿಂದ ಒದೆಸಿಕೊಂಡು ಕೆಲಸದಿಂದ ಹೊರಬಿದ್ದ. ಹೈಡನ್ ಹಂಗೇರಿಯ ಜಮೀನ್ದಾರಿ ಮನೆತನದಲ್ಲಿ ಧಣಿ ಕೊಟ್ಟ ಸಮವಸ್ತ್ರ ತೊಟ್ಟು ಸಂಗೀತ ಕಟ್ಟಿದ. ಬಾಖ್ 1717ರಲ್ಲಿ ಬೇರೆ ಕಡೆ ಕೆಲಸ ಹಿಡಿದು, ನನ್ನನ್ನು ಬಿಟ್ಟುಬಿಡಿ ಎಂದು ಹಠ ಹಿಡಿದದ್ದಕ್ಕೆ ವೈಮಾರಿನ ದೊರೆ ಅವನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟ. ಅಂದರೆ ಆಟ ನಮಗೆ ‘ನಾಗರಿಕತೆ’ ಅಂತ ಕೇಳಿಸುವ ನಾದವನ್ನು ಕಟ್ಟಿದವರು ನಾಗರಿಕತೆಯ ಯಜಮಾನರಲ್ಲ, ಅದರ ಆಳುಗಳು.

ಇಷ್ಟು ಕೇಳಿ ನಮ್ಮ ಗೆಳೆಯನೊಬ್ಬ ಕುಣಿದಾಡಿದ. “ಹಂಗಾದ್ರೆ ಮೊಜಾರ್ಟ್ ನಮ್ಮೋನೇ ಕಣ್ರೋ” ಅಂದ. ನಾವು ಒಪ್ಪಲಿಲ್ಲ. ಒದೆಸಿಕೊಂಡ ಮೊಜಾರ್ಟ್ ಕೆಲಸ ಬಿಟ್ಟು ಹೋದ, ವಿಯೆನ್ನಾದಲ್ಲೇ ಮನೆ ಮಾಡಿದ, ಹೆಸರು ಮಾಡಿದ. ಸೆರೆಯಿಂದ ಬಂದ ಬಾಖ್ ಇನ್ನೊಬ್ಬ ದೊರೆಯ ಹತ್ತಿರ ಹೋದ. ಊಳಿಗವನ್ನು ಬಿಡಬಹುದು. ಹುಟ್ಟನ್ನು ಎಲ್ಲಿ ಬಿಟ್ಟು ಬರೋದು? ತಮಟೆ ಬಡಿಯುವ ನಮ್ಮಪ್ಪ ಎಷ್ಟು ಚೆನ್ನಾಗಿ ಬಡಿದರೂ ಗುಡಿಯ ಹೊರಗೇ ನಿಂತು ಬಡಿದ. ಚೆನ್ನಾಗಿ ಬಡಿದಷ್ಟೂ ಮುಂದಿನ ಜಾತ್ರೆಗೆ, ಮುಂದಿನ ಸಾವಿಗೆ ಅವನನ್ನೇ ಕರೆದರು. ಎಲ್ಲ ನೋವೂ ಒಂದೇ ಅಂತ ಹೇಳಿಬಿಟ್ಟರೆ ಕೇಳುವುದಕ್ಕೆ ಹಿತ, ಆದರೆ ಅದು ಆ ಆಟದ ಗುಂಡಿ ಹೇಳುವ ಸುಳ್ಳಿಗೇ ಹತ್ತಿರ. ಗುಲಾಮಗಿರಿ, ಜೀತ, ಜಾತಿ, ಎಲ್ಲ ಒಂದೇ ಸಾಲಿನ ಐದು ಗುಂಡಿ!

ದೊಡ್ಡ ಸಂಗೀತವನ್ನು ಉಳಿಸಿದ ಥೈಲಿಗಳ ಮಾತು ಬಂದರೆ ನಮ್ಮ ಮೈಸೂರೂ ಅದರಲ್ಲಿದೆ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ ಹಣದಿಂದ ಲಂಡನ್ನಿನಲ್ಲಿ ಮೆಡ್ಟ್ನರ್ ಎಂಬ ರಷ್ಯದ ಸಂಗೀತಗಾರನ ರೆಕಾರ್ಡುಗಳು ತಯಾರಾದವು. ದೇಶ ಬಿಟ್ಟು ಬಂದು ಕಷ್ಟದಲ್ಲಿದ್ದ ಆ ಮುದುಕ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಒಳ್ಳೆಯ ಕೆಲಸವೇ. ಅರಮನೆಯ ಬೊಕ್ಕಸಕ್ಕೆ ರಾಗಿ ಬೆಳೆದು ತುಂಬಿಸಿದವರಿಗೆ ಯಾವ ಕಾನ್ಸರ್ಟೊ ಅರ್ಪಣೆಯಾಯಿತು ಅಂತ ಕೇಳಿದರೆ ಮಾತ್ರ ಸಭೆಯಲ್ಲಿ ಕೆಮ್ಮು ಶುರುವಾಗುತ್ತದೆ.

ಕೇಳಲೇಬೇಕಾದ ಇನ್ನೊಂದು ಇದೆ. ಬಾಖ್‌ನ ಕಾಲದ ಪಿಟೀಲಿನ ತಂತಿ ಕುರಿಯ ಕರುಳಿನದು. ಕರುಳನ್ನು ಯಾರೋ ತೊಳೆದರು, ಕೆರೆದರು, ಹುರಿ ಮಾಡಿದರು. ನಮ್ಮ ಮೃದಂಗದ ಬಾಯಿಗೆ ಬಿಗಿಯುವುದು ದನದ, ಆಡಿನ ಚರ್ಮ. ಅದನ್ನು ಹದ ಮಾಡಿ ಬಿಗಿಯುವ ದಲಿತ ಕುಶಲಕರ್ಮಿಗಳ ಬಗ್ಗೆ ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಒಂದು ಇಡೀ ಪುಸ್ತಕ ಬರೆದ ಮೇಲೆ ಸಭಾಂಗಣಗಳಿಗೆ ಆ ಚರ್ಮದ ವಾಸನೆ ಸ್ವಲ್ಪ ಬಡಿಯಿತು. ಕಂಪ್ಯೂಟರಿನಲ್ಲಿ ಆ ವಾಸನೆಯೂ ಇಲ್ಲ. ನಾದ ಅಲ್ಲಿ ತೊಳೆದು ಒಣಗಿಸಿ ಇಸ್ತ್ರಿ ಮಾಡಿ ಬಂದಿರುತ್ತದೆ. ಹಾಗೇ ಜಾತಿಯೂ ತೊಳೆದು ಇಸ್ತ್ರಿ ಮಾಡಿ ಬಂದಿರುತ್ತದೆ. ಎರಡೂ ಒಂದೇ ಪರದೆಯ ಮೇಲೆ ಅಷ್ಟು ಸಲೀಸಾಗಿ ಕೂಡಿ ಕೂತದ್ದು ಇದಕ್ಕೇ ಇರಬೇಕು ಎಂದು ನಮಗೆ ಅನ್ನಿಸುತ್ತದೆ.

ದ್ವೊರ್ಝಾಕನನ್ನು ಮರೆಯಬಾರದು. ಅವನೂ ಆ ಆಟದಲ್ಲಿದ್ದಾನೆ, ಕಾರ್ಖಾನೆಯ ಕಾಲದಲ್ಲಿ. ಕಟುಕನ ಮಗ, ಬೊಹೀಮಿಯದ ಹಳ್ಳಿಯವನು. ಅಮೆರಿಕಕ್ಕೆ ಹೋದವನು 1893ರಲ್ಲಿ, ಈ ದೇಶದ ಮುಂದಿನ ಸಂಗೀತ ನಿಲ್ಲಬೇಕಾದದ್ದು ಕರಿಯ ಜನರ ಹಾಡುಗಳ ಮೇಲೆ ಎಂದು ಸಾರಿದ. ಅವನಿಗೆ ಆ ಹಾಡುಗಳನ್ನು ಹಾಡಿ ಕೇಳಿಸಿದವನು ಹ್ಯಾರಿ ಬರ್ಲೀ ಎಂಬ ವಿದ್ಯಾರ್ಥಿ. ಅವನ ತಾತ ಗುಲಾಮನಾಗಿದ್ದವನು. ಮೊಮ್ಮಗನ ಬಾಯಲ್ಲಿದ್ದದ್ದು ಆ ತಾತ ಹೇಳಿಕೊಟ್ಟ ಹಾಡು. ಇದು ಗೊತ್ತಾದ ಮೇಲೆ ಆಟದ ಹಿನ್ನೆಲೆಯ ದ್ವೊರ್ಝಾಕ್ ನಮಗೆ ಮೊದಲಿನ ಹಾಗೆ ಕೇಳಿಸಲಿಲ್ಲ. ಆಟದ ಪಟ್ಟಿಯಲ್ಲಿ ತಾತನ ಹೆಸರು ಇರುವುದಿಲ್ಲ, ಮೊಮ್ಮಗನ ಹೆಸರೂ ಇರುವುದಿಲ್ಲ. ಆದರೆ ಕಿವಿ ಒಂದು ಸಲ ಕಲಿತದ್ದನ್ನು ಮತ್ತೆ ಮರೆಸುವುದು ಕಷ್ಟ.

ಆಟ ಮಾಡುವವರಿಗೂ ಏನೋ ಚುಚ್ಚಿರಬೇಕು. 2016ರ ಆರನೆಯ ಸಿವಿಲೈಸೇಶನ್ನಿನಲ್ಲಿ ಪ್ರತಿ ಜನಾಂಗಕ್ಕೂ ಅದರದೇ ಒಂದು ರಾಗ ಕೊಟ್ಟರು. ಪ್ರಾಚೀನ ಕಾಲದಲ್ಲಿ ಒಂದೆರಡು ವಾದ್ಯದಲ್ಲಿ ಶುರುವಾಗಿ ಅಣುಯುಗದ ಹೊತ್ತಿಗೆ ಆ ರಾಗವೇ ಬೆಳೆದು ದೊಡ್ಡದಾಗುತ್ತದೆ. ಒಳ್ಳೆಯದೇ. ಆದರೆ ನಮ್ಮ ತಕರಾರು ಅಲ್ಲಿಗೆ ಮುಗಿಯಲ್ಲ. ‘ಭಾರತ’ ಅಂತ ಒಂದು ರಾಗ ಆರಿಸುವಾಗ ಯಾವ ಬೀದಿಯಿಂದ ಆರಿಸುತ್ತೀರಿ? ನಾಳೆ ಯಾರೋ ಕರುಣೆಯಿಂದ ತಮಟೆಯ ಸದ್ದನ್ನೂ ಸೇರಿಸಿಯಾರು, ಕಾಡಿನ ಜಾಗದಲ್ಲಿ ಹಕ್ಕಿಯ ಕೂಗು ಸೇರಿಸಿದ ಹಾಗೆ. ಅದು ನಮಗೆ ಬೇಕಾಗಿಲ್ಲ. ಬೆಂಕಿಗೆ ಕಾಯಿಸಿದ ಚರ್ಮದ ಬಿಗಿ, ಬಡಿಯುವವನ ಹೆಬ್ಬೆರಳಿನ ಜಡ್ಡು, ಕೂಲಿ ಕೇಳಿದರೆ ತಿನ್ನುವ ಬೈಗುಳ, ಇವೆಲ್ಲ ಬಿಟ್ಟು ಬರೀ ಸದ್ದು ತಗೊಂಡು ಹೋಗುತ್ತೇವೆ ಅಂದರೆ ಅದು ಇನ್ನೊಂದು ಬಗೆಯ ದಂಡಯಾತ್ರೆ.

ನಮ್ಮಲ್ಲಿ ಇನ್ನೂ ಜಗಳ ಮುಗಿದಿಲ್ಲ. ಒಬ್ಬ ಆ ಆಟವನ್ನೇ ಅಳಿಸಿ ಹಾಕು ಅನ್ನುತ್ತಾನೆ. ಇನ್ನೊಬ್ಬ, ಸದ್ದು ಸದ್ದೇ, ಅದಕ್ಕೆ ಜಾತಿ ಹಚ್ಚಬೇಡ ಅನ್ನುತ್ತಾನೆ. ಅವನ ಮಾತು ನಮಗೆ ಸಿಟ್ಟು ತರಿಸುತ್ತದೆ. ಹಚ್ಚಿದ್ದು ನಾವಲ್ಲ. ಆದರೂ ಬಾಖ್‌ನನ್ನು ಬಿಟ್ಟುಕೊಡಲು ನಾವು ತಯಾರಿಲ್ಲ. ನಮ್ಮ ಅಪ್ಪ ಅವ್ವನಿಗೆ ಬಾಗಿಲು ಮುಚ್ಚಿದ್ದ ಸಂಗೀತ ಯಾವುದು ಅಂತ ಪಟ್ಟಿ ಮಾಡಿದರೆ ಅದರಲ್ಲಿ ಬಾಖ್ ಇಲ್ಲ. ಅವನು ದೂರದಲ್ಲಿದ್ದ, 1989ರ ಒಂದು ಅಗ್ಗದ ಪೆಟ್ಟಿಗೆಯ ಕೀರಲು ದನಿಯಲ್ಲಿ, ಯಾರ ಮುಖಾಂತರವೂ ಅಲ್ಲದೆ, ಶುದ್ಧಿ ಮಾಡಿಸಿಕೊಳ್ಳದೆ ನಮ್ಮ ಕಿವಿಗೆ ಬಂದ.

ಮೊನ್ನೆ ರಾತ್ರಿ ಆ ಮಿನುಯೆಟನ್ನು ಫೋನಿನಲ್ಲಿ ಹಾಕಿದಾಗ ನಮ್ಮಲ್ಲಿ ತಮಟೆ ಕಲಿತವನು ಮೇಜಿನ ಮೇಲೆ ಬೆರಳಾಡಿಸಿದ. ಮೂರು ಪೆಟ್ಟು, ಮತ್ತೆ ಮೂರು. ಆಮೇಲೆ ಎರಡನೆಯ ಪೆಟ್ಟನ್ನು ಬೇಕೆಂದೇ ತಡಮಾಡಿ ಬಿಟ್ಟ. ಅರಮನೆಯವರು ಅದಕ್ಕೆ ಹೆಜ್ಜೆ ಹಾಕುತ್ತಿದ್ದರೋ ಎಡವುತ್ತಿದ್ದರೋ ಗೊತ್ತಿಲ್ಲ, ನಾವು ಎದ್ದು ನಿಂತೆವು.

ಆಮೇಲೆ ಕಂಪ್ಯೂಟರ್ ತೆಗೆದು ಅಶೋಕನ ರಾಜ್ಯಕ್ಕೆ ಮರಳಿದೆವು. ಅಷ್ಟು ಹೊತ್ತಿಗೆ ಪ್ರಜಾಪ್ರಭುತ್ವದ ವಿದ್ಯೆ ಕಲಿತಿದ್ದೆವು, ವಿಮೋಚನೆಯ ಗುಂಡಿ ತೆರೆದಿತ್ತು. ಒತ್ತಿದೆವು. ಈ ಆಟದಲ್ಲಿ ಪದ್ಧತಿ ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ಸರದಿಯಾದರೂ ಅರಾಜಕತೆ ನಡೆಯುತ್ತದೆ, ಊರೆಲ್ಲ ಕೆಲಸ ನಿಲ್ಲುತ್ತದೆ. ಆದರೆ ಅಶೋಕ, ಗಾಂಧಿ ಇಬ್ಬರಿಗೂ ಆಟ ‘ಆಧ್ಯಾತ್ಮಿಕ’ ಎಂಬ ಗುಣ ಕೊಟ್ಟಿದೆ, ಅವರಿಗೆ ಅರಾಜಕತೆ ಇಲ್ಲ. ಆದ್ದರಿಂದ ಏನೂ ಆಗಲಿಲ್ಲ. ಯಾರೂ ಬೀದಿಗೆ ಬರಲಿಲ್ಲ, ಒಂದು ಗುಡಿಸಲೂ ಉರಿಯಲಿಲ್ಲ. ಪಿಟೀಲು ಹಾಗೇ ನುಡಿಯುತ್ತಿತ್ತು. ಒಬ್ಬ ಸದ್ದು ನಿಲ್ಲಿಸಲು ಕೈ ಚಾಚಿದ. ತಮಟೆಯವನು ಅವನ ಕೈ ಹಿಡಿದು, “ತಡಿಯೋ, ಇದೊಂದು ಮುಗೀಲಿ” ಅಂದ.